ಸಂಪಾದಕರ ಉತ್ತರ: ಆ ಕೌದಿ ವಾಪಸು ಸಿಗುತ್ತದಾ?

ಹಾವೇರಿ ಜಿಲ್ಲೆಯ ಆ ತಾಯಿಯವರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿ ಮೂರು ವಾರ ಆಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರದಲ್ಲಿ ಏನಿದೆ ಅಂತ ಉಳಿದ ಓದುಗರಿಗೂ ಗೊತ್ತಾಗಬೇಕಲ್ಲ, ಅಷ್ಟನ್ನು ಮಾತ್ರ ಹೇಳುತ್ತೇನೆ.

ನಿಮ್ಮ ಮಗಳು, ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಹೋದ ಚಳಿಗಾಲದಲ್ಲಿ ಅವರ ನಾಲ್ಕು ತಿಂಗಳ ಹೆಣ್ಣುಮಗು ರಾತ್ರಿ ಹಾಲು ಕುಡಿದು ಮಲಗಿದ್ದು ಬೆಳಗ್ಗೆ ಏಳಲಿಲ್ಲ. ಜ್ವರ ಇರಲಿಲ್ಲ, ಕೆಮ್ಮಿರಲಿಲ್ಲ. ಆಂಬುಲೆನ್ಸ್ ಬಂತು. ಆಸ್ಪತ್ರೆಗೆ ಹೋದರೆ ಅಲ್ಲಿಗೆ ಪೊಲೀಸರೂ ಬಂದರು. ಮಧ್ಯಾಹ್ನ ಮನೆಗೆ ಬಂದು ಮಗು ಮಲಗಿದ್ದ ಜಾಗದ ಫೋಟೊ ತೆಗೆದರು. ಹಾಲಿನ ಬಾಟಲಿ, ಹಾಸಿಗೆಯ ಬಟ್ಟೆ, ನೀವು ಹಳೇ ಇಳಕಲ್ ಸೀರೆಯಲ್ಲಿ ಹೊಲಿದು ಕಳಿಸಿದ್ದ ಕೌದಿ, ಎಲ್ಲವನ್ನೂ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ ಒಯ್ದರು. ಪೋಸ್ಟ್‌ಮಾರ್ಟಂಗೆ ಅಪ್ಪ ಅಮ್ಮನ ಒಪ್ಪಿಗೆ ಕೇಳಲಿಲ್ಲ. ಮಗುವಿನ ದೇಹ ಕೈಗೆ ಸಿಕ್ಕಿದ್ದು ಹತ್ತೊಂಬತ್ತನೇ ದಿನ. ಏಳು ತಿಂಗಳಾದರೂ ಕಾರಣ ಹೇಳಿಲ್ಲ, "ಇನ್‌ಕ್ವೆಸ್ಟ್ ಇದೆ", ಅಂದರೆ ಸಾವು ಹೇಗಾಯಿತು ಅಂತ ತಿಳಿಯುವ ವಿಚಾರಣೆ ಇದೆ, ಅನ್ನುತ್ತಿದ್ದಾರೆ.

ಕೊನೆಯ ಪುಟದಲ್ಲಿ ನೀವು ಬರೆದಿದ್ದು ಇದು: "ನನ್ನ ಮಗಳೇನು ಕೊಲೆ ಮಾಡಿದ್ದಾಳಾ? ನಮ್ಮ ಊರಲ್ಲಾಗಿದ್ರೆ ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡಿ, ಅತ್ತು, ಸುಮ್ನಾಗ್ತಿದ್ವಿ. ಇದೆಂಥ ಕಾನೂನು?"

ಮೊದಲ ಪ್ರಶ್ನೆಗೇ ಮೊದಲು ಬರುತ್ತೇನೆ. ಪೊಲೀಸರು ಮನೆಗೆ ಬಂದರು ಅಂದ ಮಾತ್ರಕ್ಕೆ ನಿಮ್ಮ ಮಗಳ ಮೇಲೆ ಯಾರೂ ಆರೋಪ ಹೊರಿಸಿಲ್ಲ. ಆರೋಗ್ಯವಾಗಿದ್ದ ಮಗು ಹೀಗೆ ಇದ್ದಕ್ಕಿದ್ದಂತೆ ಹೋದರೆ ಅಲ್ಲಿ ಯಾರ ಮನೆಗಾದರೂ ಬರುತ್ತಾರೆ. ಡಾಕ್ಟರ ಮನೆಗೂ, ಪೊಲೀಸ್ ಅಧಿಕಾರಿಯ ಮನೆಗೂ. ಬಣ್ಣ ನೋಡಿ, ದೇಶ ನೋಡಿ ಬಂದರೇನೋ ಅಂತ ನೀವು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ. ಬಂದವರು ಹೇಗೆ ನಡೆದುಕೊಂಡರೋ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಬರಲೇಬೇಕು ಅನ್ನುವ ನಿಯಮ ಎಲ್ಲರಿಗೂ ಒಂದೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊರೋನರ್ ಅಂತ ಒಬ್ಬ ಅಧಿಕಾರಿ ಇರುತ್ತಾರೆ. ಬಹಳ ಹಳೇ ಹುದ್ದೆ ಅದು. 1194ರಲ್ಲಿ ಶುರುವಾಗಿದ್ದು. ಇಲ್ಲಿ ಹೊಯ್ಸಳರ ವೀರಬಲ್ಲಾಳ ಆಳುತ್ತಿದ್ದ ಕಾಲ. ಆಗ ರಾಜನ ಖಜಾನೆಗೆ ಬರಬೇಕಾದ್ದನ್ನು ಕಾಯುವುದು ಅವರ ಕೆಲಸ. ಈಗ ಅವರು ಜಡ್ಜ್ ಇದ್ದ ಹಾಗೆ, ಯಾರ ಕೈಕೆಳಗೂ ಇಲ್ಲ. 2009ರ ಒಂದು ಕಾಯ್ದೆ, 2013ರಿಂದ ಜಾರಿಯಲ್ಲಿರುವುದು, ಅವರಿಗೆ ಹೇಳುತ್ತದೆ: ಸಾವು ಹಿಂಸೆಯಿಂದ ಆಗಿದ್ದರೆ, ಅಸಹಜವಾಗಿದ್ದರೆ, ಜೈಲಿನಂಥ ಕಡೆ ಆಗಿದ್ದರೆ, ಇಲ್ಲವೇ ಕಾರಣ ಗೊತ್ತಿಲ್ಲದಿದ್ದರೆ ನೀನು ತನಿಖೆ ಮಾಡಲೇಬೇಕು. ನಿಮ್ಮ ಮೊಮ್ಮಗಳದ್ದು ಕೊನೆಯ ಸಾಲಿನದು. ಯಾವ ಡಾಕ್ಟರಿಗೂ "ಇದೇ ಕಾರಣ" ಅಂತ ಸಹಿ ಹಾಕಲು ಆಗಲಿಲ್ಲ. ಹಾಗಾಗಿ ವಿಷಯ ಕೊರೋನರ್ ಹತ್ತಿರ ಹೋಯಿತು.

ಅವರು ಉತ್ತರ ಹುಡುಕುವ ಪ್ರಶ್ನೆಗಳು ನಾಲ್ಕೇ. ತೀರಿಕೊಂಡಿದ್ದು ಯಾರು, ಯಾವಾಗ, ಎಲ್ಲಿ, ಹೇಗೆ. "ಯಾರ ತಪ್ಪು" ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಇಂಥವರೇ ಅಪರಾಧಿ ಅಂತ ಹೆಸರಿಟ್ಟು ತೀರ್ಮಾನ ಬರೆಯುವ ಹಾಗಿಲ್ಲ ಅಂತ ಅದೇ ಕಾಯ್ದೆ ಕೊರೋನರ್ ಕೈ ಕಟ್ಟಿದೆ. ಇದನ್ನು ನಿಮ್ಮ ಮಗಳಿಗೆ ಫೋನಿನಲ್ಲಿ ನಿಧಾನವಾಗಿ ಹೇಳಿ. ಇನ್‌ಕ್ವೆಸ್ಟ್ ಅಂದರೆ ಕಟಕಟೆ ಅಂತ ಅವರು ಅಂದುಕೊಂಡಿರಬಹುದು. ಅಲ್ಲಿ ವಾದಿ ಪ್ರತಿವಾದಿ ಇರುವುದಿಲ್ಲ. ಮಗುವಿನ ಅಪ್ಪ ಅಮ್ಮನಿಗೆ ಸಾಕ್ಷಿಗಳನ್ನು ಪ್ರಶ್ನೆ ಕೇಳುವ ಹಕ್ಕಿದೆ. ಡಾಕ್ಟರನ್ನೂ ಕೇಳಬಹುದು, ಪೊಲೀಸರನ್ನೂ ಕೇಳಬಹುದು.

"ನಮ್ಮ ಊರಲ್ಲಾಗಿದ್ರೆ" ಅಂದಿರಲ್ಲ, ತಾಯಿ, ಆ ಮಾತು ಓದಿ ಪತ್ರ ಮಡಚಿಟ್ಟೆ. ಎರಡು ದಿನ ಮತ್ತೆ ತೆರೆಯಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಅಮ್ಮನ ಮೊದಲ ಮಗು, ನನಗೆ ಅಕ್ಕ ಆಗಬೇಕಾಗಿದ್ದವಳು, ಮೂರು ತಿಂಗಳಿಗೆ ಹೀಗೇ ಹೋದಳು. ಬೆಳಗಿನ ಜಾವ. ಹೊಲದ ಬದುವಿನ ಹುಣಸೆ ಮರದ ಬುಡದಲ್ಲಿ ಮಣ್ಣು ಮಾಡಿದರು. ಹತ್ತು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಯಾರೋ ಬಾಲಗ್ರಹ ಅಂದರು, ಯಾರೋ ದೃಷ್ಟಿ ತಾಗಿತು ಅಂದರು. ಒಬ್ಬ ದೊಡ್ಡಮ್ಮ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, "ನಿದ್ದೆಗಣ್ಣಲ್ಲಿ ಮಗ್ಗುಲು ಹೊರಳಿದ್ಯೇನೇ?" ಅಂದರಂತೆ. ಆಮೇಲೆ ಅವರು ಆ ಮಾತು ಮತ್ತೆ ಎತ್ತಲಿಲ್ಲ. ಅಮ್ಮ ಮಾತ್ರ ಮರೆಯಲಿಲ್ಲ. ಆ ಮಗುವಿನ ಬೆಳ್ಳಿ ಉಡಿದಾರವನ್ನು ಕುಂಕುಮದ ಭರಣಿಯೊಂದರಲ್ಲಿ ಹಾಕಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರು. ಕೊನೆಯ ವರ್ಷ ಒಂದು ಸಂಜೆ ಅದನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನನ್ನು ಕೇಳಿದರು: "ನೀನು ಪತ್ರಿಕೆಯವನು, ಡಾಕ್ಟರುಗಳ ಹತ್ರ ಎಲ್ಲ ಮಾತಾಡ್ತೀಯ. ನಾನು ಮಗ್ಗುಲು ಹೊರಳಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?"

ಐವತ್ತು ವರ್ಷ ಅವರು ಅದನ್ನೇ ಕೇಳಿಕೊಂಡಿದ್ದರು. ನಾನು ಏನು ಹೇಳಲಿ? ಯಾರೂ ಮಗುವನ್ನು ಪರೀಕ್ಷೆ ಮಾಡಿರಲಿಲ್ಲ. ಹೃದಯದಲ್ಲಿ ತೊಂದರೆ ಇತ್ತಾ, ಸೋಂಕಿತ್ತಾ, ಏನೂ ಗೊತ್ತಿಲ್ಲ. ಯಾರೂ ಕೇಳದೆ ಬಿಟ್ಟ ಪ್ರಶ್ನೆ ಕೊನೆಗೆ ತಾಯಿಯ ತಲೆ ಮೇಲೇ ಬಂತು. ನಾವು ಅತ್ತು ಸುಮ್ಮನಾದೆವು ಅನ್ನುವುದು ನಿಜ. ಅವರು ಸುಮ್ಮನಾಗಿರಲಿಲ್ಲ. ಅದಕ್ಕೇ ನಾನು ಆ ಕಾನೂನಿನ ಪರ ನಿಲ್ಲುತ್ತೇನೆ. ಅದು ನಡೆಯುವ ರೀತಿಯಲ್ಲಿ ಎಷ್ಟೋ ನೋವಿದೆ ಅಂತ ಗೊತ್ತಿದ್ದೂ ನಿಲ್ಲುತ್ತೇನೆ.

ಆ ದೇಶವೂ ಇದನ್ನು ಸುಲಭವಾಗಿ ಕಲಿಯಲಿಲ್ಲ. ಸ್ಯಾಲಿ ಕ್ಲಾರ್ಕ್ ಅಂತ ಒಬ್ಬ ವಕೀಲೆ ಇದ್ದರು. ಅವರ ಮೊದಲ ಮಗು 1996ರ ಡಿಸೆಂಬರಿನಲ್ಲಿ, ಹನ್ನೊಂದು ವಾರದ್ದಿದ್ದಾಗ ತೀರಿಕೊಂಡಿತು. ಪೋಸ್ಟ್‌ಮಾರ್ಟಂ ಮಾಡಿದ ಪೆಥಾಲಜಿಸ್ಟ್, ಅಂದರೆ ದೇಹ ಪರೀಕ್ಷಿಸಿ ಸಾವಿನ ಕಾರಣ ಹುಡುಕುವ ಡಾಕ್ಟರು, ಶ್ವಾಸಕೋಶದ ಸೋಂಕು ಅಂತ ಬರೆದು ಮುಗಿಸಿದರು. 1998ರ ಜನವರಿಯಲ್ಲಿ ಎರಡನೇ ಮಗುವೂ ಎಂಟು ವಾರಕ್ಕೆ ಹೋಯಿತು. ಆಗ ಅದೇ ಪೆಥಾಲಜಿಸ್ಟ್ ಮೊದಲನೆಯ ಸಾವಿಗೂ ಬೇರೆ ಅರ್ಥ ಹೇಳಿದರು. ತಾಯಿ ಎರಡು ಕೊಲೆ ಮಾಡಿದ್ದಾಳೆ ಅಂತ ಕೇಸಾಯಿತು. ಕೋರ್ಟಿನಲ್ಲಿ ಸರ್ ರಾಯ್ ಮೆಡೋ ಅನ್ನುವ ಹೆಸರಾಂತ ಮಕ್ಕಳ ವೈದ್ಯರು ಒಂದು ಲೆಕ್ಕ ಹೇಳಿದರು. ಅಂಥ ಮನೆಯಲ್ಲಿ ಒಂದು ಮಗು ಹೀಗೆ ಸಾಯುವ ಸಾಧ್ಯತೆ 8,543ರಲ್ಲಿ ಒಂದು. ಅದನ್ನು ಅದರಿಂದಲೇ ಗುಣಿಸಿ, ಎರಡು ಮಕ್ಕಳು ಸಾಯುವುದು 7 ಕೋಟಿ 30 ಲಕ್ಷದಲ್ಲಿ ಒಂದು ಅಂದರು. 1999ರಲ್ಲಿ ಜೀವಾವಧಿ ಶಿಕ್ಷೆ ಆಯಿತು.

ಆ ಗುಣಾಕಾರವೇ ತಪ್ಪು. ಇಬ್ಬರೂ ಒಂದೇ ಅಪ್ಪ ಅಮ್ಮನ ಮಕ್ಕಳು. ಒಂದೇ ರಕ್ತ, ಒಂದೇ ಮನೆ, ಒಂದೇ ಗಾಳಿ. ಒಂದು ಮಗುವಿಗೆ ಹುಟ್ಟಿನಿಂದ ಬಂದ ತೊಂದರೆ ಇದ್ದರೆ ಇನ್ನೊಂದಕ್ಕೂ ಇರಬಹುದು. ಎರಡು ದಾಳ ಉರುಳಿಸಿದ ಹಾಗಲ್ಲ ಅದು. 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಇದನ್ನು ಹೇಳಿತು. ಅದಕ್ಕಿಂತ ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದು ವಿಷಯಕ್ಕೆ. ಎರಡನೇ ಮಗುವಿನ ದೇಹದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ ಲ್ಯಾಬ್ ವರದಿ ಮೊದಲಿನಿಂದಲೂ ಇತ್ತು. ವಿಚಾರಣೆಯಲ್ಲಿ ಅದು ಹೊರಗೇ ಬಂದಿರಲಿಲ್ಲ. ಅದು ಸಿಕ್ಕ ಮೇಲೆ 2003ರ ಜನವರಿಯಲ್ಲಿ ಅವರ ಬಿಡುಗಡೆ ಆಯಿತು. ನಾಲ್ಕು ವರ್ಷ ಕಳೆದು ತೀರಿಕೊಂಡರು. ಆಗಿನ್ನೂ 42 ವಯಸ್ಸು.

ಅದೇ 2003ರ ಜೂನಿನಲ್ಲಿ ನಮ್ಮ ದೇಶದ ಮೂಲದ ತೃಪ್ತಿ ಪಟೇಲ್ ಅನ್ನುವ ತಾಯಿಯ ವಿಚಾರಣೆ ಮುಗಿಯಿತು. ಮೂರು ಕೂಸುಗಳನ್ನು ಕಳೆದುಕೊಂಡಿದ್ದವರು. ಔಷಧಿ ಅಂಗಡಿಯ ಕೆಲಸದಲ್ಲಿದ್ದವರು. ಅವರ ಅಜ್ಜಿ ಭಾರತದಿಂದ ವಿಮಾನ ಹತ್ತಿ ಹೋಗಿ ರೆಡಿಂಗ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು: ನನಗೂ ಐದು ಮಕ್ಕಳು ಕೂಸಾಗಿದ್ದಾಗಲೇ ಹೋದವು. ಜ್ಯೂರಿ ತೃಪ್ತಿಯವರನ್ನು ನಿರಪರಾಧಿ ಅಂದಿತು. ಆ ಅಜ್ಜಿಯನ್ನು ನಾನು ಆಗಾಗ ನೆನೆಯುತ್ತೇನೆ. ಆ ಐದು ಸಾವಿನ ಬಗ್ಗೆ ಒಂದು ಡಾಕ್ಟರ್ ವರದಿ ಕೈಯಲ್ಲಿ ಇದ್ದಿದ್ದರೆ, ಆ ವಯಸ್ಸಿನಲ್ಲಿ ಅವರು ಸಾಕ್ಷಿಕಟ್ಟೆ ಹತ್ತಬೇಕಾಗಿತ್ತಾ?

ಇಂಥ ಕೇಸುಗಳು ಒಂದರ ಮೇಲೊಂದು ಬಿದ್ದುಹೋದಾಗ ವಕೀಲೆ ಹೆಲೆನಾ ಕೆನೆಡಿ ಅವರ ನೇತೃತ್ವದಲ್ಲಿ ಒಂದು ಸಮಿತಿ ಕೂತಿತು. ಪೆಥಾಲಜಿಸ್ಟ್‌ಗಳು, ಮಕ್ಕಳ ವೈದ್ಯರು ಸೇರಿ ಮಾಡಿದ್ದು. 2004ರಲ್ಲಿ ವರದಿ ಬಂತು, 2016ರಲ್ಲಿ ಅದನ್ನು ತಿದ್ದಿ ಬರೆದರು. ನಿಮ್ಮ ಮಗಳ ಮನೆಯಲ್ಲಿ ಆ ದಿನ ಆಗಿದ್ದೆಲ್ಲ ಹೆಚ್ಚುಕಮ್ಮಿ ಅದರಲ್ಲಿ ಇರುವುದೇ. ಮಗುವನ್ನು ನೇರವಾಗಿ ಶವಾಗಾರಕ್ಕೆ ಒಯ್ಯಬಾರದು, ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಒಯ್ಯಬೇಕು. ಅಲ್ಲೇ ರಕ್ತ ಮತ್ತಿತರ ಸ್ಯಾಂಪಲ್ ತೆಗೆಯಬೇಕು, ತಡವಾದರೆ ಅವು ಕೆಡುತ್ತವೆ. ಅಪ್ಪ ಅಮ್ಮನಿಗೆ ಮಗುವನ್ನು ಎತ್ತಿಕೊಂಡು ಕೂರಲು ಬಿಡಬೇಕು. ಒಂದೆರಡು ದಿನದೊಳಗೆ ಪೊಲೀಸರು ಮತ್ತು ಮಕ್ಕಳ ಆರೋಗ್ಯದ ತಜ್ಞರು ಜೊತೆಯಾಗಿ ಮನೆಗೆ ಹೋಗಿ ಮಗು ಮಲಗಿದ್ದ ಜಾಗ ನೋಡಬೇಕು. ಈ "ಜೊತೆಯಾಗಿ" ಅನ್ನುವ ಪದ ದೊಡ್ಡದು. ಪೊಲೀಸರೊಬ್ಬರೇ ಹೋದರೆ ಅವರ ಕಣ್ಣಿಗೆ ಅಪರಾಧ ಮಾತ್ರ ಕಾಣಬಹುದು. ಡಾಕ್ಟರೊಬ್ಬರೇ ಹೋದರೆ ನಿಜವಾಗಿ ಹಿಂಸೆ ನಡೆದ ಮನೆ ಅವರ ಕಣ್ಣು ತಪ್ಪಬಹುದು. ಹಾಗೂ ಆಗುತ್ತದೆ, ತಾಯಿ, ಅಪರೂಪಕ್ಕೆ. ಆ ಮಗುವಿನ ಪರ ಮಾತಾಡಲು ಬೇರೆ ಯಾರೂ ಇರುವುದಿಲ್ಲ.

ನಿಮ್ಮ ಮಗಳ ಮನೆಗೆ ಬಂದಿದ್ದು ಪೊಲೀಸರು ಮಾತ್ರವಾ, ಜೊತೆಗೆ ಡಾಕ್ಟರೋ ನರ್ಸೋ ಇದ್ದರಾ? ಪತ್ರದಲ್ಲಿ ಇಲ್ಲ. ಇಲ್ಲದಿದ್ದರೆ ಯಾಕೆ ಇರಲಿಲ್ಲ ಅಂತ ಮಗಳು ಬರೆದು ಕೇಳಬಹುದು. ಕೇಳಲಿ.

ಇನ್ನು ಒಪ್ಪಿಗೆಯ ವಿಷಯ. ಕೊರೋನರ್ ಹೇಳಿ ಮಾಡಿಸುವ ಪೋಸ್ಟ್‌ಮಾರ್ಟಂಗೆ ಮನೆಯವರ ಒಪ್ಪಿಗೆ ಬೇಕಿಲ್ಲ ಅಂತಲೇ ಕಾನೂನಿದೆ. ಇದು ಕಹಿಯಾದ ಮಾತು, ಆದರೂ ಇರುವುದು ಹಾಗೆ. ಹಾಗಂತ ಮನೆಯವರು ಲೆಕ್ಕಕ್ಕೇ ಇಲ್ಲ ಅಂತ ಅಲ್ಲ. ಯಾವಾಗ, ಎಲ್ಲಿ ಮಾಡುತ್ತೇವೆ ಅಂತ ಮೊದಲೇ ತಿಳಿಸಬೇಕು. ತಮ್ಮ ಪರವಾಗಿ ಒಬ್ಬ ಡಾಕ್ಟರನ್ನು ಅಲ್ಲಿ ಇರಿಸಬಹುದು. ಪರೀಕ್ಷೆಗೆ ತೆಗೆದ ಅಂಗಾಂಶವನ್ನು ಕೊನೆಗೆ ಏನು ಮಾಡಬೇಕು ಅಂತ ಮನೆಯವರನ್ನು ಕೇಳಲೇಬೇಕು. ವಾಪಸು ಕೊಡಬೇಕಾ, ಗೌರವದಿಂದ ವಿಲೇವಾರಿ ಮಾಡಬೇಕಾ, ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳಬೇಕಾ? ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ತೀರಿಕೊಂಡ ಮಕ್ಕಳ ಅಂಗಗಳನ್ನು ಅಪ್ಪ ಅಮ್ಮನಿಗೆ ಹೇಳದೆ ಇಟ್ಟುಕೊಂಡಿದ್ದು 2001ರ ವರದಿಯಲ್ಲಿ ಬಯಲಾಯಿತು. ದೇಶವೇ ಸಿಟ್ಟಿಗೆದ್ದಿತು. 2004ರಲ್ಲಿ ಅದಕ್ಕಾಗಿಯೇ ಹೊಸ ಕಾನೂನು ಬಂತು.

ಅಂಗಾಂಶವನ್ನು ಏನು ಮಾಡಬೇಕು ಅಂತ ನಿಮ್ಮ ಮಗಳು ಇನ್ನೂ ತೀರ್ಮಾನಿಸಿಲ್ಲ ಅಂತಾದರೆ ನನ್ನದೊಂದು ಮಾತು. ಒತ್ತಾಯ ಇಲ್ಲ. ಸ್ಯಾಂಪಲ್ ಇಟ್ಟುಕೊಳ್ಳಲಿ ಅನ್ನಿ. ಆಸ್ಟ್ರೇಲಿಯಾದಲ್ಲಿ ಕ್ಯಾಥ್ಲೀನ್ ಫೋಲ್‌ಬಿಗ್ ಅನ್ನುವ ತಾಯಿ ನಾಲ್ಕು ಮಕ್ಕಳನ್ನು ಕೊಂದಳು ಅಂತ ಇಪ್ಪತ್ತು ವರ್ಷ ಜೈಲಿನಲ್ಲಿದ್ದರು. ಎಷ್ಟೋ ವರ್ಷ ಆದ ಮೇಲೆ ವಿಜ್ಞಾನಿಗಳು ಜೀನ್ ಪರೀಕ್ಷೆ ಮಾಡಿದರು. ಎರಡು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ತಪ್ಪಿಸಬಲ್ಲ ಬದಲಾವಣೆಯೊಂದು ಸಿಕ್ಕಿತು. ತಾಯಿಯಿಂದ ಬಂದದ್ದು. 2023ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು, ಅದೇ ವರ್ಷದ ಕೊನೆಗೆ ಶಿಕ್ಷೆಯೇ ರದ್ದಾಯಿತು. ಇವತ್ತು ಸಿಗದ ಉತ್ತರ ಹತ್ತು ವರ್ಷದ ಮೇಲೆ ಸಿಗಬಹುದು.

ಹತ್ತೊಂಬತ್ತು ದಿನ. ಇದನ್ನು ನಾನು ಸಮರ್ಥಿಸುವುದಿಲ್ಲ. ಸಾಧ್ಯವಾದಷ್ಟು ಬೇಗ ದೇಹ ಕೊಡಬೇಕು, 28 ದಿನ ದಾಟುವುದಾದರೆ ಕಾರಣ ತಿಳಿಸಬೇಕು ಅಂತ ನಿಯಮ. ಕಾಗದದ ಮೇಲೆ ನಿಮ್ಮ ಮೊಮ್ಮಗಳದ್ದು "ಅವಧಿಯೊಳಗೆ" ಆಯಿತು. ಆದರೆ ಹಸುಗೂಸಿನ ಮಣ್ಣಿಗೆ ಹತ್ತೊಂಬತ್ತು ದಿನ ಕಾಯುವುದು ಅಂದರೆ ಏನು ಅಂತ ನಮ್ಮವರಿಗೆ ಗೊತ್ತು. ಅಲ್ಲಿ ಮಕ್ಕಳ ಪೆಥಾಲಜಿಸ್ಟ್‌ಗಳೇ ಕಡಿಮೆ. ದೊಡ್ಡವರ ಪೋಸ್ಟ್‌ಮಾರ್ಟಂ ಮಾಡುವವರಿಂದ ಕೂಸಿನದು ಮಾಡಿಸಬಾರದು, ಸೂಕ್ಷ್ಮ ತಪ್ಪಿಹೋಗುತ್ತದೆ. ಹಾಗಾಗಿ ಸರದಿ. ನಮ್ಮ ಧರ್ಮದಲ್ಲಿ ಬೇಗ ಮಾಡಬೇಕು ಅಂತ ಕೇಳಬಹುದಿತ್ತು. 2018ರಲ್ಲಿ ಲಂಡನ್ನಿನ ಒಬ್ಬ ಕೊರೋನರ್ ಧರ್ಮದ ಕಾರಣಕ್ಕೆ ಯಾರಿಗೂ ಸರದಿ ಬದಲಿಸುವುದಿಲ್ಲ ಅಂತ ಪಟ್ಟು ಹಿಡಿದಿದ್ದರು. ಅಂಥ ನಿಯಮ ಕಾನೂನಿಗೆ ವಿರುದ್ಧ ಅಂತ ಹೈಕೋರ್ಟು ಹೇಳಿತು. ಕೇಳಿದವರಿಗೆಲ್ಲ ಮೊದಲು ಕೊಡಬೇಕು ಅಂತಲ್ಲ, ಕೇಳಿದ್ದನ್ನು ಪರಿಗಣಿಸಲೇಬೇಕು. ಆ ಹೊತ್ತಿನಲ್ಲಿ ನಿಮ್ಮ ಮಗಳಿಗೆ ಇದನ್ನು ಯಾರಾದರೂ ಹೇಳಿದ್ದರಾ? ಪರದೇಶದಲ್ಲಿರುವ ನಮ್ಮ ಕನ್ನಡ ಸಂಘಗಳು ದೀಪಾವಳಿ, ರಾಜ್ಯೋತ್ಸವವನ್ನು ಚೆನ್ನಾಗಿ ಮಾಡುತ್ತವೆ. ಇಂಥ ದಿನ ಒಂದು ಫೋನ್ ಮಾಡಿ ದಾರಿ ಹೇಳುವವರು ಪ್ರತಿ ಸಂಘದಲ್ಲೂ ಒಬ್ಬರಿರಲಿ ಅಂತ ಕೈಮುಗಿದು ಕೇಳುತ್ತೇನೆ.

ಇನ್‌ಕ್ವೆಸ್ಟ್ ಆರು ತಿಂಗಳೊಳಗೆ, ಆಗದಿದ್ದರೆ ಆದಷ್ಟು ಬೇಗ ಮುಗಿಸಬೇಕು. ವರ್ಷ ದಾಟಿದರೆ ಮುಖ್ಯ ಕೊರೋನರ್‌ಗೆ ವಿಷಯ ಹೋಗಬೇಕು. ಏಳು ತಿಂಗಳು ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಭಯಪಡಬೇಡಿ. ಅಂಗಾಂಶವನ್ನು ತೆಳ್ಳಗೆ ಕತ್ತರಿಸಿ ನೋಡುವುದು, ಸೋಂಕು, ವಿಷ, ಜೀನ್, ಎಲ್ಲದರ ವರದಿ ಬರಲು ತಿಂಗಳುಗಳೇ ಹಿಡಿಯುತ್ತವೆ.

ಅಷ್ಟೆಲ್ಲ ಆದ ಮೇಲೂ "ಕಾರಣ ಸಿಗಲಿಲ್ಲ" ಅಂತ ಬರಬಹುದು. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದೊಂದು ಕಡೆ ಅದನ್ನು ಸಿಡ್ಸ್, ಅಂದರೆ ಕಾರಣ ತಿಳಿಯದ ಕೂಸಿನ ಹಠಾತ್ ಸಾವು, ಅಂತ ಬರೆಯುತ್ತಾರೆ, ಇನ್ನೊಂದು ಕಡೆ "ಖಚಿತವಾಗಿಲ್ಲ" ಅನ್ನುತ್ತಾರೆ. ಎರಡನೇ ಪದ ಕೇಳಿದರೆ ಅನುಮಾನ ಇನ್ನೂ ಉಳಿದಿದೆ ಅನ್ನಿಸುತ್ತದೆ. ಹಾಗೆ ಅಂದುಕೊಳ್ಳಬೇಡಿ. ತಜ್ಞರು ಹುಡುಕಿದರು, ಹಿಂಸೆಯ ಗುರುತೂ ಸಿಗಲಿಲ್ಲ, ರೋಗದ ಗುರುತೂ ಸಿಗಲಿಲ್ಲ ಅಂದರೆ ಅದು ಬರಿಗೈ ಅಲ್ಲ. ನನ್ನ ಅಮ್ಮನಿಗೆ ಅಷ್ಟು ಸಿಕ್ಕಿದ್ದರೂ ಸಾಕಿತ್ತು.

ಹುಡುಕಿದ್ದರಿಂದ ಬೇರೆ ಮಕ್ಕಳು ಉಳಿದಿದ್ದೂ ಇದೆ. ಬ್ರಿಸ್ಟಲ್‌ನಲ್ಲಿ ಪೀಟರ್ ಫ್ಲೆಮಿಂಗ್ ಅನ್ನುವ ಡಾಕ್ಟರ್ ಹೀಗೆ ಮಗು ಕಳೆದುಕೊಂಡ ಮನೆಗಳಿಗೆ ಹೋಗಿ, ಹೇಗೆ ಮಲಗಿಸಿದ್ದಿರಿ, ಏನು ಹೊದೆಸಿದ್ದಿರಿ, ಕೋಣೆ ಎಷ್ಟು ಬೆಚ್ಚಗಿತ್ತು ಅಂತ ಕೇಳಿ ಬರೆದುಕೊಂಡರು. ಬೋರಲು ಮಲಗಿಸಿದ ಮಕ್ಕಳಿಗೆ ಅಪಾಯ ಜಾಸ್ತಿ ಅಂತ ಕಂಡುಬಂತು. 1991ರ ಕೊನೆಯಲ್ಲಿ ಅಂಗಾತ ಮಲಗಿಸಿ ಅಂತ ದೇಶದ ತುಂಬ ಹೇಳಿದರು. ಅದಕ್ಕೆ ಮುಂಚೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹೋಗುತ್ತಿದ್ದವು. ಈಗ ಇನ್ನೂರರ ಆಸುಪಾಸು. ಮನೆಗೆ ಬಂದವರು ತೊಟ್ಟಿಲಿನ ಫೋಟೊ ತೆಗೆದು, ಬಟ್ಟೆ ಒಯ್ಯುವುದು ಇದಕ್ಕೂ ಹೌದು.

ನಮ್ಮಲ್ಲಿ ಏನಿದೆ ಅಂತ ಕೇಳಿದ್ದೀರಿ. ಕೊರೋನರ್ ಇಲ್ಲೂ ಇದ್ದರು, ಕಲ್ಕತ್ತಾ, ಬೊಂಬಾಯಿಯಂಥ ಕೆಲವು ಕಡೆ ಮಾತ್ರ, 1871ರ ಕಾಯ್ದೆಯ ಪ್ರಕಾರ. ಮುಂಬೈಯದೂ 1999ರಲ್ಲಿ ಮುಗಿಯಿತು. ಈಗ ಅಸಹಜ ಸಾವು ಅಂದರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿ, ಪಂಚರನ್ನು ಕೂರಿಸಿ ಪಂಚನಾಮೆ ಮಾಡುತ್ತಾರೆ. ಅದಕ್ಕೆ ಮೊದಲು ಸಿಆರ್‌ಪಿಸಿ ಅನ್ನುವ ಹಳೇ ಅಪರಾಧ ಪ್ರಕ್ರಿಯಾ ಕಾನೂನಿನ 174ನೇ ಸೆಕ್ಷನ್ ಇತ್ತು, 2024ರ ಜುಲೈಯಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 194. ಯಾರೂ ಠಾಣೆಗೆ ಹೇಳದಿದ್ದರೆ ಅದೂ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಸಾವಿನ ಪರಿಶೀಲನೆಗೆ ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಮಾಡಿದೆ. ಆಶಾ ಕಾರ್ಯಕರ್ತೆ ವರದಿ ಮಾಡಬೇಕು, ಆಮೇಲೆ ಮನೆಗೆ ಬಂದು ಕೇಳಿ ಬರೆದುಕೊಳ್ಳುತ್ತಾರೆ. ಒಳ್ಳೆಯ ಕೆಲಸ. ಆದರೆ ಮನೆಯಲ್ಲಿ ಹೋದ ಮಗುವಿಗೆ ಮನೆಯವರ ಮಾತೇ ಆಧಾರ. ಮಲಗಿದ್ದ ಮಗು ಏಳಲಿಲ್ಲ ಅನ್ನುವುದರಾಚೆ ಮನೆಯವರಿಗೂ ಏನು ಗೊತ್ತಿರುತ್ತದೆ ಹೇಳಿ.

ಈಗ ಮಗಳು ಮಾಡಬಹುದಾದ್ದು. ಕೊರೋನರ್ ಕಚೇರಿಯಲ್ಲಿ ಅವರ ಕೇಸಿಗೆ ಒಬ್ಬ ಆಫೀಸರ್ ಇರುತ್ತಾರೆ. ಆಸ್ಪತ್ರೆ ಕಡೆಯಿಂದ ಕೀ ವರ್ಕರ್ ಅಂತ, ಮನೆಯವರ ಸಂಪರ್ಕಕ್ಕೆ, ಒಬ್ಬರನ್ನು ಕೊಟ್ಟಿರಬೇಕು. ಇಬ್ಬರ ನಂಬರೂ ಬರೆದಿಟ್ಟುಕೊಳ್ಳಲಿ. ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇನ್‌ಕ್ವೆಸ್ಟಿಗೆ ಮೊದಲೇ ಕಳಿಸಲಿ. ಅಲ್ಲಿ ಕೂತಾಗ ಬಾಯಿ ಕಟ್ಟಿಹೋಗುತ್ತದೆ. ಪೋಸ್ಟ್‌ಮಾರ್ಟಂ ವರದಿಯನ್ನು ಒಬ್ಬರೇ ಓದುವುದು ಬೇಡ, ಮಕ್ಕಳ ಡಾಕ್ಟರ ಜೊತೆ ಕೂತು ಓದಲಿ. ಬ್ಯಾಂಕಿಗೆ, ಆಫೀಸಿಗೆ ಕಾಗದ ಬೇಕಾದರೆ ತಾತ್ಕಾಲಿಕ ಪ್ರಮಾಣಪತ್ರವನ್ನು ಕೊರೋನರ್ ಕೊಡುತ್ತಾರೆ. ಮುಂದೆ ಇನ್ನೊಂದು ಮಗುವಿನ ಯೋಚನೆ ಬಂದಾಗ ಕೂಸು ಕಳೆದುಕೊಂಡವರಿಗೆ ನೆರವಾಗುವ ಲಲಬೈ ಟ್ರಸ್ಟ್ ಅನ್ನುವ ಸಂಸ್ಥೆಯವರ ಒಂದು ಕಾರ್ಯಕ್ರಮ ಇದೆ, ಹೀಗೆ ಕಳೆದುಕೊಂಡವರ ಮುಂದಿನ ಕೂಸನ್ನು ನೋಡಿಕೊಳ್ಳಲು ಜೊತೆಗೆ ನಿಲ್ಲುತ್ತಾರೆ.

ಕೌದಿಯ ವಿಷಯ ಕೊನೆಗೆ ಇಟ್ಟುಕೊಂಡೆ. "ನಾನು ಹೊಲಿದಿದ್ದರಿಂದಲೇ ಹೋಯ್ತಾ?" ಅಂತ ಬರೆದು ಗೆರೆ ಎಳೆದು ಹೊಡೆದುಹಾಕಿದ್ದೀರಿ. ಗೆರೆಯ ಕೆಳಗೆ ಅಕ್ಷರ ಕಾಣುತ್ತಿತ್ತು. ತಾಯಿ, ಅದನ್ನು ತೊಟ್ಟಿಲಲ್ಲಿ ಮಗುವಿನ ಕೆಳಗೆ ಹಾಸಿದ್ದರು ಅಂತ ನೀವೇ ಹೇಳಿದ್ದೀರಿ. ಮಗು ಅಂಗಾತವೇ ಮಲಗಿತ್ತು ಅಂದಿದ್ದೀರಿ. ಅದನ್ನೂ ಸೇರಿಸಿ ತಜ್ಞರು ನೋಡುತ್ತಾರೆ. ನನ್ನ ಅಮ್ಮನ ಹಾಗೆ ನೀವೂ ಉತ್ತರವನ್ನು ನಿಮ್ಮೊಳಗೇ ಬರೆದುಕೊಳ್ಳಬೇಡಿ. ಅದನ್ನು ಅವರು ಬರೆಯಲಿ, ಬರೆದಿದ್ದನ್ನು ಕೇಳಿಸಿಕೊಳ್ಳಿ.

ವಾಪಸು ಸಿಗುತ್ತದಾ ಅಂದರೆ, ಕೇಳಬಹುದು. ತನಿಖೆಗೆ ಇನ್ನು ಬೇಡ ಅಂತಾದ ಮೇಲೆ ಮನೆಯವರ ವಸ್ತು ಮನೆಯವರಿಗೆ. ಮಗಳು ಈಗಲೇ ಆ ಆಫೀಸರ್‌ಗೆ ಬರೆದು ಹೇಳಲಿ, ಚೀಲದಲ್ಲಿ ಇರುವುದನ್ನೆಲ್ಲ ನಮಗೆ ಕೊಡಿ ಅಂತ. ಜೊತೆಗೆ ಇನ್ನೊಂದು ಸಾಲು ಸೇರಿಸಲಿ, ಇದನ್ನು ಮರೆಯಬೇಡಿ: ಕೌದಿಯನ್ನು ಒಗೆಯದೆ, ಇದ್ದ ಹಾಗೇ ಕೊಡಿ.